ರೋಗಿ ‘ನಂಗೇನೂ ಬೇಡ, ನೀವು ಹೋಗಿ’ ಅಂದ್ರೆ ಸಹಿ ಹಾಕಿಸ್ಕೊಂಡು ಬಿಟ್ಟರೆ ಸಾಕಾ?

ಬಯಲುಸೀಮೆ ಇಎಂಟಿ

108 ಆಂಬ್ಯುಲೆನ್ಸ್‌ಗೆ ಹೊಸದಾಗಿ ಸೇರೋ ಇಎಂಟಿಗಳಿಗೆ (ಗಾಡಿಯಲ್ಲಿ ಹೋಗಿ ತುರ್ತು ಚಿಕಿತ್ಸೆ ಕೊಡೋ ಸಿಬ್ಬಂದಿ) ಹೇಳಿಕೊಡೋದಕ್ಕೆ ಅಂತ ಕೇಳ್ತಿದ್ದೀನಿ. ಕರೆ ಬಂದಿರುತ್ತೆ, ಗಾಡಿ ಹೋಗಿರುತ್ತೆ, ಅಲ್ಲಿ ನೋಡಿದ್ರೆ ರೋಗಿ ಜಗಲಿ ಮೇಲೆ ಎದ್ದು ಕೂತು ‘ಯಾರು ಫೋನ್ ಮಾಡಿದ್ದು? ನಂಗೇನೂ ಆಗಿಲ್ಲ’ ಅಂತಾರೆ. ರೂಢಿಯಲ್ಲಿರೋದು ಇಷ್ಟೇ: ಪಿಸಿಆರ್‌ನಲ್ಲಿ (ರೋಗಿಯ ವಿವರ ಬರೆಯೋ ದಾಖಲೆ) ‘ರೋಗಿ ಬರಲು ನಿರಾಕರಿಸಿದರು’ ಅಂತ ಒಂದು ಸಾಲು, ಕೆಳಗೆ ಸಹಿ ಇಲ್ಲಾ ಹೆಬ್ಬೆಟ್ಟು, ಸಾಕ್ಷಿಗೆ ಪೈಲಟ್ (ಗಾಡಿ ಓಡಿಸೋರು) ಹೆಸರು, ಗಾಡಿ ವಾಪಸ್.

ಪದೇ ಪದೇ ಬರೋ ಕೇಸುಗಳು ಇವು. ಶುಗರ್ ಮಾತ್ರೆ ತಗೊಳ್ಳೋ ಅಜ್ಜ ಬೆವತು ಬಿದ್ದಿರ್ತಾರೆ, ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹೋದ ಮೇಲೆ ಎದ್ದು ಕೂರ್ತಾರೆ, ಇನ್ನು ಆಸ್ಪತ್ರೆ ಯಾಕೆ ಅಂತಾರೆ. ಬೈಕ್ ಸ್ಕಿಡ್ ಆಗಿ ತಲೆಗೆ ಸಣ್ಣ ಗಾಯ, ಬಾಯಲ್ಲಿ ಎಣ್ಣೆ ವಾಸನೆ, ಜೊತೆಗಿದ್ದವರು ‘ನಾವು ನೋಡ್ಕೋತೀವಿ ಬಿಡಿ’ ಅಂತಾರೆ. ಎದೆನೋವು, ಆದರೆ ‘ಗ್ಯಾಸ್ಟ್ರಿಕ್ಕು, ಸೋಡಾ ಕುಡಿದ್ರೆ ಹೋಗುತ್ತೆ’. ಜಗಳ ಆಗಿ ಬೆಳೆಗೆ ಹೊಡೆಯೋ ಔಷಧಿ ಕುಡಿದಿರ್ತಾರೆ, ಮನೆಯವರಿಗೆ ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯ.

ನನ್ನ ಪ್ರಶ್ನೆಗಳು: ಆ ಸಹಿ ನಮ್ಮನ್ನ ಕಾಪಾಡುತ್ತಾ? ‘ಬೇಡ’ ಅನ್ನೋ ಸ್ಥಿತಿಯಲ್ಲಿ ರೋಗಿ ಇದ್ದಾರೋ ಇಲ್ವೋ ಅಂತ ಹತ್ತು ನಿಮಿಷದಲ್ಲಿ ತಿಳ್ಕೊಳ್ಳೋದು ಹೇಗೆ? ರೋಗಿ ಪರವಾಗಿ ಮನೆಯವರು ಬೇಡ ಅನ್ನಬಹುದಾ? ಬಲವಂತವಾಗಿ ಕರ್ಕೊಂಡು ಹೋಗೋ ಹಾಗಿದ್ರೆ ಯಾವಾಗ?

ಕ್ಯಾಶುವಾಲ್ಟಿ ಎಂಓ

ಸಹಿಯ ವಿಚಾರ ಕೊನೆಗೆ. ಗ್ಲುಕೋಮೀಟರ್ ಮತ್ತು ಪಲ್ಸ್ ಆಕ್ಸಿಮೀಟರ್ ಹಾಕದೆ ಯಾರ ‘ಬೇಡ’ವನ್ನೂ ‘ಬೇಡ’ ಅಂತ ಒಪ್ಪಬೇಡಿ. ನಿರಾಕರಣೆ ಎಷ್ಟೋ ಸಲ ಕಾಯಿಲೆಯ ಲಕ್ಷಣ. ಜಿಆರ್‌ಬಿಎಸ್ (ಗ್ಲುಕೋಮೀಟರ್ ತೋರಿಸೋ ರಕ್ತದ ಶುಗರ್) 54ಕ್ಕಿಂತ ಕೆಳಗಿದ್ರೆ ಮೆದುಳಿಗೆ ಸಕ್ಕರೆ ಸಾಲ್ತಿಲ್ಲ, ಆಗ ಸಿಟ್ಟು, ಬೈಗುಳ, ಕೈ ತಳ್ಳೋದು ಎಲ್ಲ ಬರುತ್ತೆ. ಆಮ್ಲಜನಕ ಕಡಿಮೆ ಆದವರೂ ಹಾಗೇ, ಮಾಸ್ಕ್ ಕಿತ್ತು ಬಿಸಾಡ್ತಾರೆ. ಬಿಪಿ ಬಿದ್ದವರು, ಜ್ವರ ನೆತ್ತಿಗೇರಿದವರು, ಫಿಟ್ಸ್ ಬಂದು ಈಗಷ್ಟೇ ನಿಂತವರು, ತಲೆಗೆ ಪೆಟ್ಟಾದವರು, ಎರಡು ದಿನದಿಂದ ಕುಡಿತ ನಿಲ್ಲಿಸಿ ಕೈ ನಡುಗ್ತಿರೋರು ಇದೇ ಗುಂಪು. ಆದ್ದರಿಂದ ಶುಗರ್, ಎಸ್‌ಪಿಓ2 (ರಕ್ತದ ಆಮ್ಲಜನಕದ ಮಟ್ಟ), ನಾಡಿ, ಬಿಪಿ, ಉಸಿರಾಟದ ಗತಿ, ಟೆಂಪರೇಚರ್, ಜಿಸಿಎಸ್ (ಪ್ರಜ್ಞೆ ಅಳೆಯೋ ಅಂಕ, ಪೂರ್ತಿ ಎಚ್ಚರ ಇದ್ರೆ 15) ಮೊದಲು ನೋಡಿ. ಮುಟ್ಟಿಸ್ಕೊಳ್ಳೋಕೂ ಬಿಡದಿದ್ರೆ ‘ಮುಟ್ಟಲು ಬಿಡಲಿಲ್ಲ’ ಅಂತ ಬರೆದು, ಕಣ್ಣಿಗೆ ಕಂಡಿದ್ದನ್ನ ಬರೀರಿ: ಉಸಿರು ಎಷ್ಟು ಜೋರು, ಮಾತು ತೊದಲುತ್ತಾ, ನಡಿಗೆ ಹೇಗಿದೆ, ಬೆವರು ಇದೆಯಾ.

ಆಮೇಲೆ ಸಾಮರ್ಥ್ಯದ ಪರೀಕ್ಷೆ, ಅಂದ್ರೆ ರೋಗಿಗೆ ತಾನೇ ತೀರ್ಮಾನ ಮಾಡೋ ಶಕ್ತಿ ಇದೆಯಾ ಅಂತ. ‘ಇವತ್ತು ಯಾವ ವಾರ, ಇದು ಯಾವ ಊರು’ ಅನ್ನೋದಷ್ಟೇ ಸಾಲದು. ವಾರ, ಊರು, ಹೆಸರು ಎಲ್ಲ ಸರಿಯಾಗಿ ಹೇಳಿದವರೂ ಹೃದಯಾಘಾತ ಅಂದ್ರೆ ಏನಂತ ತಿಳಿಯದೆ ‘ಬೇಡ’ ಅಂದಿರಬಹುದು. ನಾಲ್ಕು ವಿಷಯ ಗೊತ್ತಾಗಬೇಕು. ಹೇಳಿದ್ದು ಅರ್ಥ ಆಯ್ತಾ. ಅದು ತನಗೇ ಸಂಬಂಧಪಟ್ಟಿದ್ದು ಅಂತ ಒಪ್ಪಿದ್ರಾ. ಬಂದ್ರೆ ಏನು, ಬರದಿದ್ರೆ ಏನು ಅಂತ ತೂಗಿ ನೋಡೋ ಶಕ್ತಿ ಇದೆಯಾ. ಒಂದೇ ಉತ್ತರಕ್ಕೆ ನಿಲ್ತಾರಾ, ಅಥವಾ ಐದು ನಿಮಿಷಕ್ಕೊಂದು ಮಾತಾ. ಇಷ್ಟನ್ನೂ ಒಂದೇ ಪ್ರಶ್ನೆಯಲ್ಲಿ ಬಹುಪಾಲು ತಿಳ್ಕೋಬಹುದು: ‘ನಾನು ಈಗ ಹೇಳಿದ್ದನ್ನ ನಿಮ್ಮ ಮಾತಲ್ಲಿ ಹೇಳಿ ನೋಡೋಣ, ಮನೇಲೇ ಉಳಿದ್ರೆ ಏನಾಗಬಹುದು?’ ‘ಗೊತ್ತು ಬಿಡಿ, ಎಲ್ಲಾ ಗೊತ್ತು’ ಅನ್ನೋದು ಉತ್ತರ ಅಲ್ಲ. ‘ಹೃದಯದ ರಕ್ತನಾಳ ಕಟ್ಟಿದ್ರೆ ರಾತ್ರಿ ಸಾಯಬಹುದು ಅಂತೀರಿ, ಆದ್ರೂ ನಂಗೆ ಬೇಡ’ ಅನ್ನೋದು ಉತ್ತರ. ನಮಗೆ ಅದು ದಡ್ಡತನ ಅನ್ನಿಸಬಹುದು. ದಡ್ಡ ತೀರ್ಮಾನ ಬೇರೆ, ತೀರ್ಮಾನ ಮಾಡೋ ಶಕ್ತಿಯೇ ಇಲ್ಲದಿರೋದು ಬೇರೆ.

ನೀವು ಕೇಳಿದ ಕೇಸುಗಳಿಗೆ ಬರ್ತೀನಿ.

ಶುಗರ್ ಮಾತ್ರೆಯ ಅಜ್ಜನ್ನ ಬಿಟ್ಟು ಬರಬೇಡಿ, ಕೊನೇತನಕ ಒಪ್ಪಿಸೋಕೆ ನೋಡಿ. 25% ಡೆಕ್ಸ್‌ಟ್ರೋಸ್ 100 ಎಂಎಲ್ ಅಂದ್ರೆ 25 ಗ್ರಾಂ ಸಕ್ಕರೆ, ಅದು ಹೆಚ್ಚು ಹೊತ್ತು ನಿಲ್ಲಲ್ಲ. ಗ್ಲೈಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ತರದ ಮಾತ್ರೆ ಇನ್ಸುಲಿನ್‌ಗೆ ಅಂತ ಮೇದೋಜೀರಕವನ್ನ ಹಿಂಡ್ತಾನೇ ಇರುತ್ತೆ. ಕಿಡ್ನಿ ಸರಿ ಇಲ್ಲದವರಲ್ಲಿ ಇನ್ನೂ ಹೆಚ್ಚು ಹೊತ್ತು. ಮಧ್ಯಾಹ್ನ ಎದ್ದು ಮಾತಾಡಿದವರು ರಾತ್ರಿ ನಿದ್ದೆಯಲ್ಲೇ ಮತ್ತೆ ಕುಸೀತಾರೆ, ಮನೆಯವರು ಗೊರಕೆ ಅಂದ್ಕೋತಾರೆ. ಕನಿಷ್ಠ 24 ಗಂಟೆ ನಿಗಾ ಬೇಕು. ಹೋದ ತಕ್ಷಣ ಮಾತ್ರೆ ಸ್ಟ್ರಿಪ್ ಕೇಳಿ ನೋಡೋ ಅಭ್ಯಾಸ ಹೊಸಬರಿಗೆ ಮಾಡಿಸಿ. ಮಾತ್ರೆ ತಗೊಳ್ಳದೆ ಬರೀ ಊಟಕ್ಕೆ ಮುಂಚಿನ ಇನ್ಸುಲಿನ್ ತಗೊಳ್ಳೋರು, ಊಟ ತಡ ಆಗಿ ಹೀಗಾಗಿದೆ ಅಂತ ಕಾರಣ ಗೊತ್ತಿದೆ, ಈಗ ಹೊಟ್ಟೆ ತುಂಬ ಅನ್ನ ಉಂಡಿದ್ದಾರೆ, 15 ನಿಮಿಷ ಬಿಟ್ಟು ಮತ್ತೆ 30 ನಿಮಿಷಕ್ಕೆ ನೋಡಿದಾಗ ಎರಡು ಸಲವೂ 100ರ ಮೇಲೆ, ರಾತ್ರಿ ಜೊತೆಗಿರೋರು ಇದ್ದಾರೆ ಅಂದ್ರೆ ಆ ಮಾತು ಬೇರೆ. ದಿನಾ ಕುಡಿಯೋರು, ಊಟ ಬಿಟ್ಟವರು ಅಂತ ಗೊತ್ತಾದ್ರೆ ಡೆಕ್ಸ್‌ಟ್ರೋಸ್ ಜೊತೆ ಥಯಾಮಿನ್ (ವಿಟಮಿನ್ ಬಿ1) 100 ಮಿಗ್ರಾಂ ಕೂಡ ಹೋಗಬೇಕು, ಆದ್ರೆ ಅದಕ್ಕಾಗಿ ಡೆಕ್ಸ್‌ಟ್ರೋಸ್ ತಡ ಮಾಡಬೇಡಿ.

ತಲೆಪೆಟ್ಟು ಮತ್ತು ಎಣ್ಣೆ. ಕುಡಿದಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಸಾಮರ್ಥ್ಯ ಇಲ್ಲ ಅನ್ನೋಕಾಗಲ್ಲ, ಇಷ್ಟು ಕುಡಿದ್ರೆ ಇಲ್ಲ ಅನ್ನೋ ಅಳತೆಯೂ ಇಲ್ಲ. ಮೇಲಿನ ಪ್ರಶ್ನೆಗೆ ಉತ್ತರ ಕೊಡೋಕೆ ಆಗುತ್ತಾ ಅನ್ನೋದೇ ಅಳತೆ. ಆದರೆ ತಲೆಗೆ ಪೆಟ್ಟಾಗಿದ್ರೆ ಮಂಕುತನಕ್ಕೆ ಕಾರಣ ತಲೆಪೆಟ್ಟು ಅಂತಲೇ ಹಿಡೀಬೇಕು, ಅಲ್ಲ ಅಂತ ಸಾಬೀತಾಗೋವರೆಗೂ. ಎಪಿಡ್ಯೂರಲ್ ರಕ್ತಸ್ರಾವದಲ್ಲಿ (ತಲೆಬುರುಡೆ ಮತ್ತು ಮೆದುಳಿನ ಹೊದಿಕೆ ಮಧ್ಯೆ ರಕ್ತ ತುಂಬೋದು) ಮಧ್ಯೆ ಒಂದಷ್ಟು ಹೊತ್ತು ರೋಗಿ ಚೆನ್ನಾಗೇ ಇರ್ತಾರೆ, ಮಾತಾಡ್ತಾರೆ, ಬೀಡಿ ಸೇದ್ತಾರೆ. ಆ ಹೊತ್ತಲ್ಲಿ ನೀವು ಸಹಿ ತಗೊಂಡು ಬಂದಿರ್ತೀರಿ. ಎರಡು ಸಲ ವಾಂತಿ, 65 ದಾಟಿದ ವಯಸ್ಸು, ರಕ್ತ ತೆಳು ಮಾಡೋ ಮಾತ್ರೆ, ಕಿವಿ ಮೂಗಿಂದ ನೀರು ಅಥವಾ ರಕ್ತ, ಪೆಟ್ಟಾಗಿ ಎರಡು ಗಂಟೆ ಆದ್ರೂ ಜಿಸಿಎಸ್ 15ಕ್ಕೆ ಬರದಿರೋದು: ಇವುಗಳಲ್ಲಿ ಒಂದಿದ್ರೂ ತಲೆಯ ಸಿಟಿ ಸ್ಕ್ಯಾನ್ ಬೇಕು. ‘ನಾವು ನೋಡ್ಕೋತೀವಿ’ ಅನ್ನೋ ಸ್ನೇಹಿತರೂ ಅದೇ ಬಾಟಲಿಂದ ಕುಡಿದಿದ್ದಾರಾ ನೋಡಿ. ಕುಡಿದಿದ್ರೆ ಅವರು ನೋಡ್ಕೊಳ್ಳೋರೂ ಅಲ್ಲ, ಸಾಕ್ಷಿಯೂ ಅಲ್ಲ.

ಎದೆನೋವಿನವರು ಬರಲ್ಲ ಅಂದ್ರೂ ಮೊದಲು ಆಸ್ಪಿರಿನ್ 300 ಮಿಗ್ರಾಂ ಅಗಿಸಿ. ಅಲರ್ಜಿ, ರಕ್ತವಾಂತಿ, ಕಪ್ಪು ಮಲ ಇಲ್ಲ ಅಂತ ಕೇಳ್ಕೊಂಡು. ಒಂದನ್ನ ಬೇಡ ಅಂದವರು ಎಲ್ಲವನ್ನೂ ಬೇಡ ಅಂದಂತಲ್ಲ. ಆಸ್ಪತ್ರೆ ಬೇಡ ಅಂದವರು ಇಸಿಜಿಗೆ ಒಪ್ಪಬಹುದು, ಬೆಂಗಳೂರಿಗೆ ರೆಫರ್ ಬೇಡ ಅಂದವರು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್‌ಗೆ ಒಪ್ಪಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾದ ಮೇಲೆ ಆ ದುಬಾರಿ ಇಂಜೆಕ್ಷನ್ ಯೋಜನೆಯಡಿ ಬರೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ, ಇದನ್ನ ಮನೆಯ ಬಾಗಿಲಲ್ಲೇ ಹೇಳಿ. ಮತ್ತೆ ಮೊದಲ ಇಸಿಜಿ ನಾರ್ಮಲ್ ಬಂತು ಅಂತ ‘ನೋಡಿ, ಏನಿಲ್ಲ’ ಅಂದ್ಬಿಡಬೇಡಿ. ಹಾಗಂದ್ರೆ ನಿರಾಕರಣೆಗೆ ನೀವೇ ಕಾರಣ ಕೊಟ್ಟಂತೆ. 15–30 ನಿಮಿಷಕ್ಕೆ ಇನ್ನೊಂದು ತೆಗೀಬೇಕು.

ರಾತ್ರಿಪಾಳಿ_77

ಇಷ್ಟೆಲ್ಲ ಯಾಕೆ ಸರ್. 112ಕ್ಕೆ ಫೋನ್ ಮಾಡಿ ಪೊಲೀಸ್ ಕರೆಸಿ, ಎತ್ತಿ ಗಾಡಿಗೆ ಹಾಕ್ಕೊಂಡು ಹೋಗೋದು. ಆಮೇಲೆ ಏನಾದ್ರೂ ಆದ್ರೆ ನಮ್ಮ ಮೇಲೆ ತಾನೇ ಬರೋದು.

ಕಾನೂನು ಪುಟ

ಸಾಮರ್ಥ್ಯ ಇರುವ ವಯಸ್ಕರನ್ನು ಹಾಗೆ ಎತ್ತಿಕೊಂಡು ಹೋದರೂ ನಿಮ್ಮ ಮೇಲೇ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಂಗಳು ಅಕ್ರಮ ತಡೆ, ಅಕ್ರಮ ಬಂಧನದ ಬಗ್ಗೆ ಇವೆ. ಪೊಲೀಸರು ಜೊತೆಗಿದ್ದ ಮಾತ್ರಕ್ಕೆ ಒಪ್ಪಿಗೆ ಹುಟ್ಟುವುದಿಲ್ಲ. ಹೊಡೆದಾಟ, ರಸ್ತೆ ತಡೆ, ನಿಮ್ಮ ಸುರಕ್ಷತೆ ಇವುಗಳಿಗೆ ಪೊಲೀಸರನ್ನು ಕರೆಯಿರಿ, ಚಿಕಿತ್ಸೆಗೆ ಒಪ್ಪಿಸುವುದಕ್ಕೆ ಅಲ್ಲ.

ಸಾಮರ್ಥ್ಯ ಇಲ್ಲದವರ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ನ್ಯಾಯ ಸಂಹಿತೆಯ 30ನೇ ಕಲಂ, ಹಳೆಯ ಐಪಿಸಿಯ 92, ಇಷ್ಟು ಹೇಳುತ್ತದೆ: ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಆ ವ್ಯಕ್ತಿ ಇಲ್ಲ, ಅವರ ಪರವಾಗಿ ಕೊಡಬಲ್ಲ ಪೋಷಕರನ್ನು ಸಮಯಕ್ಕೆ ಹುಡುಕಲಾಗದು ಎಂದಾದರೆ, ಅವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ. ಅಮಲಿನ ಬಗ್ಗೆ 28ನೇ ಕಲಂ ನೋಡಿ. ಅಮಲಿನಿಂದಾಗಿ ಕೆಲಸದ ಸ್ವರೂಪ ಮತ್ತು ಪರಿಣಾಮ ತಿಳಿಯಲಾರದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಒತ್ತು ‘ಕುಡಿದಿದ್ದರು’ ಎಂಬುದರ ಮೇಲಲ್ಲ, ‘ತಿಳಿಯಲಾರರು’ ಎಂಬುದರ ಮೇಲೆ. ನಿರಾಕರಣೆಯನ್ನು ಅಳೆಯಲೂ ಅದೇ ಮಾನದಂಡ ಹಿಡಿಯುವುದು ಕ್ಷೇಮ.

ಸಹಿಗೆ ಎಷ್ಟು ಬೆಲೆ ಎಂದು ಕೇಳಿದ್ದೀರಿ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋಗಿಗೆ ಹೇಳಲೇಬೇಕಾದ ಸಂಗತಿಗಳನ್ನು ಪಟ್ಟಿ ಮಾಡಿತು: ಚಿಕಿತ್ಸೆ ಏನು, ಯಾಕೆ, ಪ್ರಯೋಜನ, ಪರ್ಯಾಯ, ಮುಖ್ಯ ಅಪಾಯಗಳು, ಮತ್ತು ಚಿಕಿತ್ಸೆ ನಿರಾಕರಿಸಿದರೆ ಆಗುವ ಕೆಡುಕು. ಈ ಕೊನೆಯದನ್ನು ಹೇಳದೆ ಪಡೆದ ಸಹಿ, ಸಹಿ ಇದೆ ಎಂಬುದಕ್ಕಷ್ಟೇ ಸಾಕ್ಷಿ. ಅಚ್ಚು ಹಾಕಿದ ‘ನನ್ನ ಸ್ವಂತ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ, ಆಸ್ಪತ್ರೆಗೆ ಸಂಬಂಧವಿಲ್ಲ’ ಎಂಬ ಸಾಲನ್ನು ಎಲ್ಲ ಕಡೆ ನೋಡುತ್ತೇವೆ. ಅದು ಯಾರನ್ನೂ ನಿರ್ಲಕ್ಷ್ಯದ ಹೊಣೆಯಿಂದ ಬಿಡಿಸುವುದಿಲ್ಲ. ರೋಗಿ ಸಹಿ ಹಾಕಲು ಒಪ್ಪದಿದ್ದರೂ ಗಾಬರಿ ಬೇಡ, ಹಾಕಲಿಲ್ಲ ಎಂದು ಬರೆದು ಸಾಕ್ಷಿಯ ಸಹಿ ಪಡೆಯಿರಿ. ಚೆನ್ನಾಗಿ ಬರೆದ ಟಿಪ್ಪಣಿಗೆ ಸಹಿ ಇಲ್ಲದಿದ್ದರೂ ಬೆಲೆ ಇದೆ, ಬರೀ ಸಹಿಗೆ ಇಲ್ಲ.

ಮನೆಯವರ ಬಗ್ಗೆ: ವಯಸ್ಕ ರೋಗಿಗೆ ಪ್ರಜ್ಞೆ, ತಿಳಿವಳಿಕೆ ಎರಡೂ ಇದ್ದಾಗ ಗಂಡನ, ಮಗನ, ಅಣ್ಣನ ಸಹಿಗೆ ಕಾನೂನಿನಲ್ಲಿ ಜಾಗವಿಲ್ಲ. ‘ಬರ್ತೀನಿ’ ಎಂದು ಹೆಂಡತಿ ಹೇಳುತ್ತಿದ್ದು ‘ಬೇಡ’ ಎಂದು ಗಂಡ ಹೇಳಿದರೆ ಹೆಂಡತಿಯ ಮಾತೇ ನಡೆಯಬೇಕು. ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು, ಆದರೆ ಜೀವ ಹೋಗುವ ಸ್ಥಿತಿಯಲ್ಲಿ ಅವರು ಬೇಡ ಎಂದರೆ ಚಿಕಿತ್ಸೆ ಶುರು ಮಾಡಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ.

ಇನ್ನೊಂದು ಮಾತು, ಇದು ಆಸ್ಪತ್ರೆಯವರಿಗೆ. 1989ರ ಪರಮಾನಂದ ಕಟಾರ ತೀರ್ಪಿನ ಪ್ರಕಾರ ಜೀವ ಉಳಿಸುವ ಕೆಲಸಕ್ಕೆ ಪೊಲೀಸ್ ವಿಧಿವಿಧಾನ ಅಡ್ಡ ಬರಬಾರದು. ‘ಎಂಎಲ್‌ಸಿ ಕೇಸು (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ), ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿ, ಆಮೇಲೆ ಪುಸ್ತಕದಲ್ಲಿ ‘ರೋಗಿ ಚಿಕಿತ್ಸೆ ನಿರಾಕರಿಸಿದರು’ ಎಂದು ಬರೆಯುವ ಚಾಳಿ ಕೆಲವೆಡೆ ಇದೆ. ನಿರಾಕರಿಸಿದವರು ರೋಗಿಯಲ್ಲ, ಆಸ್ಪತ್ರೆಯವರು. ಅದು ಸುಳ್ಳು ದಾಖಲೆ.

ಬಯಲುಸೀಮೆ ಇಎಂಟಿ

ತುಂಬಾ ಉಪಯೋಗ ಆಯ್ತು. ವಿಷ ಕುಡಿದವರ ವಿಷಯ ಉಳೀತು. ‘ಸಾಯೋಕೇ ಕುಡಿದಿದ್ದು, ಬಿಟ್ಬಿಡಿ’ ಅಂತ ಸ್ಪಷ್ಟವಾಗಿ, ತಿಳಿದೇ ಹೇಳ್ತಾರೆ. ಕೇಳಿದ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡ್ತಾರೆ. ಹಾಗಿದ್ರೆ ಸಾಮರ್ಥ್ಯ ಇದೆ ಅಂತ ಬಿಟ್ಟು ಬರೋದಾ? ಹಾವು ಕಚ್ಚಿದವರದೂ ಹೇಳಿ, ನಾಟಿ ಔಷಧಿಗೆ ಹೋಗ್ತೀವಿ ಅಂತಾರೆ.

ಕಾನೂನು ಪುಟ

ಬಿಡಬಾರದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಮೊದಲಿಗೆ ಭಾವಿಸಬೇಕು. 94ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆ ಇರುವವರ ಜೀವಕ್ಕೆ ಅಪಾಯವಿದ್ದಾಗ ಅಥವಾ ಅವರು ತಮಗೇ ಗಂಭೀರ ಹಾನಿ ಮಾಡಿಕೊಳ್ಳುತ್ತಿರುವಾಗ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು, ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆದು. ಅವಧಿ 72 ಗಂಟೆ, ಇಲ್ಲವೇ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪರೀಕ್ಷೆ ಆಗುವವರೆಗೆ, ಯಾವುದು ಮೊದಲೋ ಅದು. ಅಲ್ಲಿ ‘ವೈದ್ಯರು’ ಎಂದಿದೆ ಎಂಬುದನ್ನು ಇಎಂಟಿಗಳು ಗಮನಿಸಿ. ಸ್ಥಳದಿಂದಲೇ ಇಆರ್‌ಸಿಪಿ ವೈದ್ಯರಿಗೆ (108 ಕೇಂದ್ರದಿಂದ ಫೋನ್‌ನಲ್ಲಿ ಸಲಹೆ ಕೊಡುವವರು) ಫೋನ್ ಹಚ್ಚಿ, ಅವರ ಸೂಚನೆ ಮೇಲೆ ಮುಂದುವರಿಯಿರಿ, ಕರೆಯ ಸಮಯ ಬರೆದಿಡಿ.

ಪೊಲೀಸ್ ಭಯಕ್ಕೆ ಮನೆಯವರಿಗೆ ಹೇಳಬೇಕಾದ ಮಾತು: ಆತ್ಮಹತ್ಯೆ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಐಪಿಸಿ 309 ಹೊಸ ಸಂಹಿತೆಯಲ್ಲಿ ಇಲ್ಲ, 2024ರ ಜುಲೈ 1ರಿಂದ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ತಡೆಯಲು ಹಾಗೆ ಮಾಡಿದರೆ ಮಾತ್ರ 226ನೇ ಕಲಂ ಇದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಗೇ ಆಗುತ್ತದೆ, ಪೊಲೀಸರು ಹೇಳಿಕೆಗೆ ಬರುತ್ತಾರೆ. ಅದನ್ನು ಮುಚ್ಚಿಡಬೇಡಿ. ‘ಹೇಳಿಕೆ ತಗೋತಾರೆ, ಔಷಧಿ ಕುಡಿದಿದ್ದಕ್ಕೆ ಕೇಸ್ ಹಾಕಲ್ಲ’ ಎಂದು ನೇರವಾಗಿ ಹೇಳಿ.

ಕ್ಯಾಶುವಾಲ್ಟಿ ಎಂಓ

ವಿಷದಲ್ಲಿ ದೊಡ್ಡ ಮೋಸ ಅಂದ್ರೆ ಮಧ್ಯದ ಒಳ್ಳೇ ದಿನ. ಬೆಳೆಗೆ ಹೊಡೆಯೋ ಆರ್ಗನೋಫಾಸ್ಫೇಟ್ ಔಷಧಿ ಕುಡಿದವರಿಗೆ ಅದಕ್ಕೆ ಕೊಡೋ ಅಟ್ರೋಪಿನ್ ಇಂಜೆಕ್ಷನ್ ಹೋಗಿ ಜೊಲ್ಲು, ಬೆವರು, ಎದೆಯ ಗೊರಗೊರ ನಿಂತಿರುತ್ತೆ, ಮಾರನೇ ದಿನ ಎದ್ದು ಕಾಫಿ ಕೇಳ್ತಾರೆ, ಅಟೆಂಡರ್‌ಗಳು ಡಿಸ್ಚಾರ್ಜ್ ಕೇಳ್ತಾರೆ. ಆದರೆ ವಿಷ ಹೊಟ್ಟೆಗೆ ಹೋದ 24ರಿಂದ 96 ಗಂಟೆ ಒಳಗೆ ಕುತ್ತಿಗೆ, ಭುಜ, ಉಸಿರಾಟದ ಸ್ನಾಯುಗಳು ಸೋಲೋ ಸಾಧ್ಯತೆ ಇರುತ್ತೆ. ಮೊದಲು ಗೊತ್ತಾಗೋದು ಕುತ್ತಿಗೆಯಲ್ಲಿ. ಮಲಗಿದ್ದವರಿಗೆ ದಿಂಬಿಂದ ತಲೆ ಎತ್ತಿ ಹಿಡಿಯೋಕೆ ಹೇಳಿ. ಎತ್ತಲಾರದೆ ಬಿಟ್ಟರೆ ಅಟೆಂಡರ್‌ಗೆ ಅದನ್ನೇ ತೋರಿಸಿ, ‘ಮುಂದಿನದು ಉಸಿರು’ ಅಂತ ಹೇಳಿ. ಹತ್ತು ನಿಮಿಷದ ಭಾಷಣಕ್ಕಿಂತ ಅದು ಕೆಲಸ ಮಾಡುತ್ತೆ.

ಟ್ಯೂಬ್‌ನಲ್ಲಿ ಬರೋ ಹಳದಿ ರಂಜಕದ ಇಲಿ ಪಾಷಾಣ ಇನ್ನೂ ಕಪಟಿ. ಮೊದಲ ದಿನ ವಾಂತಿ, ಹೊಟ್ಟೆನೋವು, ಆಮೇಲೆ ಒಂದೆರಡು ದಿನ ಏನೂ ಇಲ್ಲ, ಅದಾದ ಮೇಲೆ ಕಣ್ಣು ಹಳದಿ, ರಕ್ತಸ್ರಾವ, ಲಿವರ್ ಕೈಕೊಡುತ್ತೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ, ಆದ್ದರಿಂದ ‘ಚೆನ್ನಾಗಿದ್ದಾರೆ’ ಅನ್ನೋ ದಿನ ಕಳಿಸಿಬಿಟ್ಟರೆ ವಾಪಸ್ ಬರೋ ಹೊತ್ತಿಗೆ ತಡ ಆಗಿರುತ್ತೆ. ಹೋಗ್ಲೇಬೇಕು ಅಂತ ಹಠ ಹಿಡಿದ್ರೂ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದರ ಪರೀಕ್ಷೆ) ಮತ್ತು ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಯಾವಾಗ ಮಾಡಿಸಬೇಕು ಅಂತ ದಿನಾಂಕ ಹಾಕಿ ಬರೆದುಕೊಡಿ. ಇಎಂಟಿಗಳು ಡಬ್ಬಿ ಅಥವಾ ಟ್ಯೂಬ್ ಗಾಡೀಲಿ ತರಬೇಕು, ಕನಿಷ್ಠ ಲೇಬಲ್ ಫೋಟೋ. ಹೊಲಕ್ಕೆ ಹೊಡೆಯೋ ‘ಎಣ್ಣೆ’ ಅಂದ್ರೆ ಕೀಟನಾಶಕವೂ ಆಗಬಹುದು, ಕಳೆನಾಶಕವೂ ಆಗಬಹುದು. ಎರಡಕ್ಕೂ ಚಿಕಿತ್ಸೆ ಅಜಗಜಾಂತರ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಆಗಿದ್ರೆ ಎಸ್‌ಪಿಓ2 ಚೆನ್ನಾಗಿದ್ದಾಗ ಸುಮ್ಮನೆ ಆಕ್ಸಿಜನ್ ಹಾಕೋದೂ ತಪ್ಪು, ಶ್ವಾಸಕೋಶದ ಹಾನಿ ಹೆಚ್ಚುತ್ತೆ.

ಹಾವಿಗೆ ಬಂದ್ರೆ, ವಾದ ಮಾಡಬೇಡಿ, ಗಾಜಿನ ಟ್ಯೂಬ್ ತೋರಿಸಿ. ಹೊಸ, ಒಣಗಿದ, ಸೋಪಿನ ಪುಡಿ ಹಾಕಿ ತೊಳೆಯದ ಗಾಜಿನ ಟೆಸ್ಟ್ ಟ್ಯೂಬ್‌ಗೆ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲ್ಲಾಡಿಸದೆ ನಿಲ್ಲಿಸಿ. ಪ್ಲಾಸ್ಟಿಕ್ ಟ್ಯೂಬ್ ಆಗಲ್ಲ, ಅದರಲ್ಲಿ ಸರಿಯಾಗಿ ಹೆಪ್ಪುಗಟ್ಟಲ್ಲ, ಸುಳ್ಳು ಫಲಿತಾಂಶ ಬರುತ್ತೆ. 20 ನಿಮಿಷ ಆದ ಮೇಲೆ ರೋಗಿಯ, ಮನೆಯವರ ಎದುರೇ ಒಂದು ಸಲ ಬಗ್ಗಿಸಿ. ಪಕ್ಕದಲ್ಲಿ ಮಗನದೋ ತಮ್ಮನದೋ ರಕ್ತ ಇನ್ನೊಂದು ಟ್ಯೂಬ್‌ನಲ್ಲಿ ಇಟ್ಟಿದ್ರೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಇವರದು ನೀರಿನಂಗೆ ಹರಿಯುತ್ತೆ. ‘ನಾಟಿ ಔಷಧಿ ಹಾಕಿಸಿದ್ರೆ ಈ ರಕ್ತ ಗಟ್ಟಿಯಾಗಲ್ಲ’ ಅಂದ್ರೆ ಬಹಳ ಜನ ಒಪ್ಪುತ್ತಾರೆ. ಎಎಸ್‌ವಿ (ಹಾವಿನ ವಿಷದ ಪ್ರತಿವಿಷ) ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಅದನ್ನೂ ಹೇಳಿ.

ಆದರೆ ಟ್ಯೂಬ್ ಗಟ್ಟಿಯಾಯ್ತು ಅಂತ ಕಳಿಸಿಬಿಡಬೇಡಿ. ಆ ಪರೀಕ್ಷೆ ಕೊಳಕುಮಂಡಲ ತರದ ಮಂಡಲದ ಹಾವುಗಳಿಗೆ. ಕಟ್ಟುಹಾವು, ನಾಗರಹಾವು ರಕ್ತ ಕೆಡಿಸಲ್ಲ, ನರ ಹಿಡಿಯುತ್ತೆ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಊತ, ನೋವು, ಕೆಲವೊಮ್ಮೆ ಗುರುತೇ ಇರಲ್ಲ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಜೋತುಬಿದ್ದಿದ್ರೆ ‘ನಿದ್ದೆಗಣ್ಣು’ ಅಂತ ಬಿಡಬೇಡಿ. ‘ಮೇಲೆ ನೋಡಿ’ ಅಂತ ಹೇಳಿ, ಬೆರಳನ್ನ ಹುಬ್ಬಿನ ಮಟ್ಟದಲ್ಲಿ ಒಂದು ನಿಮಿಷ ಹಿಡಿದಿರಿ, ರೆಪ್ಪೆ ಇಳಿಯುತ್ತಾ ನೋಡಿ. ಒಂದೇ ಉಸಿರಲ್ಲಿ ಎಷ್ಟು ಎಣಿಸ್ತಾರೆ ಅಂತ ಬರೆದಿಡಿ, ಅರ್ಧ ಗಂಟೆಗೆ ಮತ್ತೆ ಎಣಿಸಿ. 24 ಗಂಟೆ ನಿಗಾ ಇಲ್ಲದೆ ಯಾವ ಹಾವಿನ ಕೇಸೂ ಮನೆಗೆ ಹೋಗಬಾರದು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಪಟ್ಟಿಯಲ್ಲಿದೆ, ಆದ್ದರಿಂದ ಚಿಕಿತ್ಸೆ ಬಿಟ್ಟು ಹೋದವರದೂ ದಾಖಲಾಗಬೇಕು.

ಸಿಸ್ಟರ್ ಕೌಂಟರ್

ಡಾಕ್ಟರ್ ಹೇಳಿದ್ದು ಸರಿ, ಆದ್ರೆ ‘ಬೇಡ’ದ ಹಿಂದೆ ಬಹಳ ಸಲ ಕಾಯಿಲೆಯೂ ಇರಲ್ಲ, ತತ್ವವೂ ಇರಲ್ಲ. ಮನೇಲಿ ಹಾಲು ಕರೆಯೋ ಹಸು ಇರುತ್ತೆ, ಒಬ್ಬಳೇ ಮಗಳು ಇರ್ತಾಳೆ, ಕೂಲಿ ಹೋಗುತ್ತೆ, ಪಕ್ಕದ ಮನೆಯವರು ಅದೇ ಆಸ್ಪತ್ರೆಯಿಂದ ಹೆಣವಾಗಿ ಬಂದಿರ್ತಾರೆ. ಅದಕ್ಕೇ ‘ಯಾಕೆ ಬರಲ್ಲ?’ ಅಂತ ದಬಾಯಿಸೋ ಬದಲು ‘ಬಂದ್ರೆ ಏನು ತೊಂದ್ರೆ ಆಗುತ್ತೆ ಹೇಳಿ ಅಣ್ಣ, ಹೇಳಿ ಅಮ್ಮ’ ಅಂತ ಕೇಳಿ. ಕುಕ್ಕರಗಾಲಲ್ಲಿ ಕೂತು, ಅವರ ಕಣ್ಣಿನ ಮಟ್ಟಕ್ಕೆ ಬಂದು ಕೇಳಿ. ಸುತ್ತ ನಿಂತಿರೋ ಜನರನ್ನ ಪೈಲಟ್ ಸ್ವಲ್ಪ ಆಚೆ ಕರ್ಕೊಂಡು ಹೋಗಲಿ. ಹತ್ತು ಜನರ ಎದುರು ಒಂದು ಸಲ ‘ಬರಲ್ಲ’ ಅಂದ ಗಂಡಸು ಅದೇ ಹತ್ತು ಜನರ ಎದುರು ಮಾತು ಬದಲಿಸಲ್ಲ.

ದುಡ್ಡಿನ ಭಯವನ್ನ ಅವರು ಬಾಯಿಬಿಟ್ಟು ಹೇಳಲ್ಲ. ನೀವೇ ತೆಗೀರಿ: 108ಕ್ಕೆ ದುಡ್ಡಿಲ್ಲ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ, ರಸ್ತೆ ಅಪಘಾತ ಆದ್ರೆ 2025ರ ಕೇಂದ್ರ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಕಾರ್ಡ್ ಮನೇಲಿ ಬಿಟ್ಟು ಬಂದಿದ್ದೀವಿ ಅಂತ ವಾಪಸ್ ಹೋಗೋರೂ ಇದ್ದಾರೆ, ಆಮೇಲೆ ತಂದ್ರೂ ಚಿಕಿತ್ಸೆ ನಿಲ್ಲಲ್ಲ ಅಂತ ಹೇಳಿ.

ಸುಟ್ಟಗಾಯದ ಹೆಂಗಸರು, ಬಸುರಿಯರು, ಪೆಟ್ಟು ಬಿದ್ದ ಗುರುತಿರೋರು ‘ಬೇಡ’ ಅಂದ್ರೆ ಗಂಡ, ಅತ್ತೆ ಇಲ್ಲದ ಕಡೆ ಒಂದು ಸಲ ಕೇಳ್ಲೇಬೇಕು. ಇಸಿಜಿ ತೆಗೀಬೇಕು, ಬಟ್ಟೆ ಸರಿಸಬೇಕು ಅಂತ ಪರದೆ ಎಳೆದ್ರೆ ಯಾರೂ ಜಗಳಕ್ಕೆ ಬರಲ್ಲ. ಭಾಷೆಯೂ ಹಾಗೇ. ಲಂಬಾಣಿ, ಉರ್ದು, ತುಳು ಮಾತಾಡೋರಿಗೆ ಕನ್ನಡದಲ್ಲಿ ಹೇಳಿ ತಲೆ ಆಡಿಸಿದ್ರು ಅಂತ ‘ಅರ್ಥ ಆಯ್ತು’ ಅಂತ ಬರೆಯೋದು ಬೇಡ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿ.

ಹೊಡೆಯೋಕೆ ಬರೋರನ್ನ ಕಟ್ಟಿಹಾಕೋ ಪ್ರಸಂಗ ಬಂದ್ರೆ, ಮೊದಲು ಶುಗರ್, ಆಕ್ಸಿಜನ್, ಆಮೇಲೆ ಮೂತ್ರಚೀಲ ಮುಟ್ಟಿ ನೋಡಿ. ತುಂಬಿಕೊಂಡ ಮೂತ್ರಚೀಲ ಮುದುಕರನ್ನ ಹುಚ್ಚರ ಹಾಗೆ ಮಾಡುತ್ತೆ, ಕ್ಯಾತಿಟರ್ ಹಾಕಿದ ಕೂಡಲೇ ಶಾಂತ. ಯಾರನ್ನೂ ಬೋರಲು ಮಲಗಿಸಿ ಬೆನ್ನ ಮೇಲೆ ಕೂರಬಾರದು, ಉಸಿರು ನಿಲ್ಲುತ್ತೆ. ಶಾಂತ ಮಾಡೋಕೆ ಡಾಕ್ಟರ್ ಹ್ಯಾಲೊಪೆರಿಡಾಲ್ 5 ಮಿಗ್ರಾಂ ಜೊತೆ ಪ್ರೊಮೆಥಜಿನ್ ಐಎಂ (ಸ್ನಾಯುವಿಗೆ ಚುಚ್ಚೋ ಇಂಜೆಕ್ಷನ್) ಬರೆದ್ರೆ ಕೊಟ್ಟು ಹೋಗಿಬಿಡೋದಲ್ಲ, ಎಸ್‌ಪಿಓ2 ಬೆರಳಲ್ಲೇ ಇರಲಿ, ಕೈ ಕಟ್ಟಿದ ಕಡೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, 15 ನಿಮಿಷಕ್ಕೊಮ್ಮೆ ನೋಡಿ ಬರೀರಿ.

ಬಯಲುಸೀಮೆ ಇಎಂಟಿ

ಕೊನೇದೊಂದು. ಬರೆಯೋದು ಹೇಗೆ ಅಂತ ಯಾರಾದ್ರೂ ಒಂದು ಮಾದರಿ ಕೊಟ್ರೆ ಗೋಡೆಗೆ ಅಂಟಿಸ್ತೀವಿ.

ಸಿಸ್ಟರ್ ಕೌಂಟರ್

ಹೀಗಿರಲಿ. ಹೆಸರು, ಸಮಯ ಬದಲಿಸ್ಕೊಳ್ಳಿ, ನಕಲು ಮಾತ್ರ ಬೇಡ, ಪ್ರತಿ ಕೇಸಿಗೂ ಅದೇ ವಾಕ್ಯ ಇದ್ರೆ ಓದಿದವರಿಗೆ ಗೊತ್ತಾಗುತ್ತೆ.

‘ರಾತ್ರಿ 9.10. ಗಂಡಸು, 58. ಒಂದು ಗಂಟೆಯಿಂದ ಎದೆ ಒತ್ತಿದ ಹಾಗೆ ನೋವು, ಬೆವರು. ನಾಡಿ 96, ಬಿಪಿ 150/90, ಎಸ್‌ಪಿಓ2 97, ಜಿಆರ್‌ಬಿಎಸ್ 182, ಜಿಸಿಎಸ್ 15. ಮದ್ಯದ ವಾಸನೆ ಇಲ್ಲ, ಮಾತು ಸ್ಪಷ್ಟ. ಹೃದಯಾಘಾತ ಇರಬಹುದು, ಆಸ್ಪತ್ರೆಗೆ ಬರದಿದ್ದರೆ ಇವತ್ತು ರಾತ್ರಿಯೇ ಸಾವು ಬರಬಹುದು ಎಂದು ಕನ್ನಡದಲ್ಲಿ ಹೇಳಲಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಇಂಜೆಕ್ಷನ್ ಉಚಿತ ಎಂದು ತಿಳಿಸಲಾಯಿತು. ರೋಗಿಯ ಮಾತು: “ಸಾಯಬಹುದು ಅಂತ ಹೇಳಿದ್ರಿ, ಗೊತ್ತಾಯ್ತು. ಮಗ ಬೆಳಿಗ್ಗೆ ಬರ್ತಾನೆ, ಅವನ ಜೊತೆ ಹೋಗ್ತೀನಿ.” ಆಸ್ಪಿರಿನ್ 300 ಅಗಿಯಲು ಒಪ್ಪಿದರು, ಕೊಡಲಾಯಿತು. 9.25ಕ್ಕೆ ಇಆರ್‌ಸಿಪಿ ವೈದ್ಯರು ಫೋನ್‌ನಲ್ಲಿ ರೋಗಿಯೊಂದಿಗೇ ಮಾತಾಡಿದರು, ಒಪ್ಪಲಿಲ್ಲ. 9.35ಕ್ಕೆ ಮತ್ತೆ ನಾಡಿ 92, ಬಿಪಿ 146/88. ನೋವು ಹೆಚ್ಚಾದರೆ, ಉಸಿರುಗಟ್ಟಿದರೆ, ತಲೆಸುತ್ತು ಬಂದರೆ ತಕ್ಷಣ 108ಕ್ಕೆ ಕರೆ ಮಾಡಲು ಹೆಂಡತಿಗೆ ಹೇಳಿ, ಅವರಿಂದ ವಾಪಸ್ ಹೇಳಿಸಲಾಯಿತು. ಸಾಕ್ಷಿ: ಪಕ್ಕದ ಮನೆಯವರು, ಹೆಸರು, ಫೋನ್, ಸಹಿ.’

ಇದರಲ್ಲಿ ‘ಸಾವು’ ಅನ್ನೋ ಪದ ಇದೆ ನೋಡಿ. ‘ತೊಂದರೆಯಾಗಬಹುದು’, ‘ಪರಿಣಾಮ ಗಂಭೀರ’ ಅಂತ ಬರೆದ್ರೆ ಯಾರಿಗೂ ಏನೂ ಹೇಳಿದಂತಾಗಲ್ಲ. ಗಂಭೀರ ಅನ್ನೋದನ್ನ ಜನ ಜ್ವರಕ್ಕೂ ಹೇಳ್ತಾರೆ. ವೈಟಲ್ಸ್ (ನಾಡಿ, ಬಿಪಿ) ಎರಡು ಸಲ ಇದೆ. ರೋಗಿಯ ಮಾತು ಅವರ ಬಾಯಲ್ಲಿ ಬಂದ ಹಾಗೇ ಇದೆ, ಇಂಗ್ಲಿಷಿಗೆ ತಿರುಗಿಸಿಲ್ಲ. ಸಾಕ್ಷಿ ಪೈಲಟ್ ಅಲ್ಲ, ಯಾಕಂದ್ರೆ ಅವರು ನಿಮ್ಮ ಕಡೆಯವರು. ಹೆಬ್ಬೆಟ್ಟು ಆದ್ರೆ ಎಡಗೈಯದು, ಪಕ್ಕದಲ್ಲಿ ಓದಿ ಹೇಳಿದವರ ಹೆಸರು.

ವಾರ್ಡಿಂದ ಲಾಮಾ (ಡಾಕ್ಟರ್ ಸಲಹೆ ಮೀರಿ) ಹೋಗೋರಿಗೆ ಇನ್ನಷ್ಟು. ಸಹಿ ಹಾಕಿದ ಸಿಟ್ಟಿಗೆ ಡಿಸ್ಚಾರ್ಜ್ ಸಮ್ಮರಿ, ಮಾತ್ರೆ, ಡ್ರೆಸ್ಸಿಂಗ್ ಕೊಡದೆ ಕಳಿಸೋದು ತಪ್ಪು, ಇರೋ ರಿಪೋರ್ಟ್ ಎಲ್ಲ ಕೊಡಿ. ಬಿಲ್ ಬಾಕಿ ಇದೆ ಅಂತ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ‘ಲಾಮಾ ಹೋದವರನ್ನ ಮತ್ತೆ ಸೇರಿಸಲ್ಲ’ ಅಂತ ಹೆದರಿಸಬೇಡಿ, ಅದನ್ನ ನಂಬಿ ಮನೇಲೇ ಉಳೀತಾರೆ. ಮತ್ತೆ ಹೋಗೋ ಮುಂಚೆ ಎರಡೂ ಕೈ ನೋಡಿ ಕ್ಯಾನುಲಾ (ಡ್ರಿಪ್ ಹಾಕೋಕೆ ಚುಚ್ಚಿದ ಕೊಳವೆ) ತೆಗೀರಿ, ಉದ್ದ ತೋಳಿನ ಅಂಗಿ ಹಾಕಿದ್ರೆ ಮಡಚಿಸಿ ನೋಡಿ.